ಹಿಂದಿನ ಬ್ರೇಕ್ ಶೂ: ರಿವೆಟ್ ಹೊಡೆದದ್ದಾ, ಅಂಟಿಸಿದ್ದಾ?

ಪ್ರಶ್ನೆ: ಹಳೇ ಕಾರು, ಹಿಂದೆ ಡ್ರಮ್ ಬ್ರೇಕ್. ಶೂ (ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಬದಿಗೆ ಒತ್ತಿ ಚಕ್ರ ನಿಲ್ಲಿಸುವ ಬಾಗಿದ ತುಂಡು) ಬದಲಿಸಬೇಕು. ಎರಡು ಬಗೆ ಸಿಗುತ್ತಿವೆ, ಒಂದಕ್ಕೆ ಲೈನಿಂಗ್ (ಡ್ರಮ್ಮಿಗೆ ಉಜ್ಜುವ ಪದರ) ರಿವೆಟ್ ಹೊಡೆದು ಕೂರಿಸಿದ್ದಾರೆ, ಇನ್ನೊಂದಕ್ಕೆ ಅಂಟಿಸಿದ್ದಾರೆ. ಸೆಮಿ ಮೆಟಾಲಿಕ್ (ಲೋಹ ಬೆರೆಸಿದ ಲೈನಿಂಗ್) ಹಾಕಿದ್ರೆ ಜಾಸ್ತಿ ಹಿಡಿಯುತ್ತೆ ಅಂತ ಬೇರೆ ಒಬ್ಬರು ತಲೆಗೆ ಹುಳ ಬಿಟ್ಟಿದ್ದಾರೆ. ಈಗ ಮೆಲ್ಲಗೆ ಬ್ರೇಕ್ ಒತ್ತಿದರೂ ಹಿಂದಿನ ಎಡ ಚಕ್ರ ಗಬಕ್ಕನೆ ಹಿಡಿಯುತ್ತದೆ. ಯಾವುದು ತಗೊಳ್ಳಲಿ?

ಉತ್ತರ: ಕಂಪನಿಯಿಂದ ಯಾವುದು ಬಂದಿತ್ತೋ ಅದೇ ಹಾಕಿ. ರಿವೆಟ್ ಶೂನಲ್ಲಿ ರಿವೆಟ್ ತಲೆ ಲೈನಿಂಗ್ ಒಳಗೆ ಕುಳಿತಿರುತ್ತದೆ, ಸವೆದು ಅಲ್ಲಿಗೆ ಮುಟ್ಟಿದರೆ ಡ್ರಮ್ಮಿಗೆ ಗೀರು ಗ್ಯಾರಂಟಿ. ಹಾಗಾಗಿ ದಪ್ಪ ಅಳೆಯುವಾಗ ರಿವೆಟ್ ತಲೆಯ ಮೇಲಿರುವುದನ್ನಷ್ಟೇ ಅಳೆಯಬೇಕು. ಅಂಟಿಸಿದ್ದನ್ನು ಇನ್ನೂ ಸ್ವಲ್ಪ ಜಾಸ್ತಿ ಸವೆಸಬಹುದು, ಆದರೆ ಅಂಚಿನಲ್ಲಿ ತುಕ್ಕು ಹಿಡಿದು ಲೈನಿಂಗ್ ಏಳುತ್ತಿದ್ದರೆ ಆ ಶೂ ಬಳಸಲೇಬೇಡಿ. ಕಿತ್ತು ಬಂದ ತುಂಡು ಡ್ರಮ್ ಒಳಗೆ ಸಿಕ್ಕಿಕೊಂಡು ಚಕ್ರವೇ ನಿಂತುಬಿಡಬಹುದು.

ಸೆಮಿ ಮೆಟಾಲಿಕ್ ಬಿಸಿ ತಡೆಯುತ್ತದೆ ನಿಜ. ಆದರೆ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ ಅಲ್ವಾ? ಅಲ್ಲಿ ಹಿಡಿತ ಜಾಸ್ತಿ ಮಾಡಿದರೆ ಹಿಂದಿನ ಚಕ್ರವೇ ಮೊದಲು ಜಾಮ್ ಆಗಿ ಕಾರಿನ ಹಿಂಭಾಗ ತಿರುಗಬಹುದು. ಎಷ್ಟೋ ಲೈನಿಂಗ್‌ಗಳ ಅಂಚಿನಲ್ಲಿ ಎಫ್‌ಎಫ್ ತರಹ ಎರಡು ಅಕ್ಷರ ಇರುತ್ತವೆ. ಮೊದಲನೆಯದು ತಣ್ಣಗಿದ್ದಾಗಿನ ಹಿಡಿತ, ಎರಡನೆಯದು ಬಿಸಿಯಾದಾಗಿನದು. ಹಳೇದರ ಮೇಲೆ ಇದ್ದದ್ದೇ ಹೊಸದರ ಮೇಲೂ ಇರಲಿ.

ಅದಿರಲಿ, ಒಂದೇ ಚಕ್ರ ಹಾಗೆ ಹಿಡಿಯುತ್ತಿದೆ ಅಂದ್ರೆ ನನಗೆ ಶೂ ಬಗೆಗಿಂತ ವೀಲ್ ಸಿಲಿಂಡರ್ (ಬ್ರೇಕ್ ಆಯಿಲ್ ಒತ್ತಡದಿಂದ ಶೂ ತಳ್ಳುವ ಭಾಗ) ಮೇಲೇ ಅನುಮಾನ, ಅದರಿಂದ ಸೋರಿದ ಆಯಿಲ್ ಲೈನಿಂಗ್‌ಗೆ ತಾಗಿದರೂ ಹೀಗೆ ಹಿಡಿಯಬಹುದು. ಅದರ ರಬ್ಬರ್ ಟೋಪಿ ಅಂಚು ಎತ್ತಿ ನೋಡಿ.

ಪ್ರಶ್ನೆ ಕೇಳಿದವರು: ಈಗಷ್ಟೇ ಎಡಗಡೆ ಬಿಚ್ಚಿದೆ. ಟೋಪಿ ಎತ್ತುತ್ತಿದ್ದಂತೆ ಬ್ರೇಕ್ ಆಯಿಲ್ ತೊಟ್ಟಿಕ್ಕಿತು, ಲೈನಿಂಗ್ ಕೆಳತುದಿ ಕಪ್ಪಗೆ ಒದ್ದೆ. ಒರೆಸಿ, ಪೆಟ್ರೋಲ್‌ನಲ್ಲಿ ತೊಳೆದರೆ ನಡೆಯಲ್ವಾ? ಇನ್ನೂ ದಪ್ಪ ಇದೆ.

ಉತ್ತರ: ನಡೆಯಲ್ಲ. ಆಯಿಲ್ ಲೈನಿಂಗ್ ಒಳಗೆ ಇಳಿದಿರುತ್ತದೆ, ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಸಿಲಿಂಡರ್ ಬದಲಿಸಿ, ಶೂ ಎರಡೂ ಚಕ್ರಕ್ಕೆ ಒಟ್ಟಿಗೆ ಹಾಕಿ, ಆಮೇಲೆ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯಿರಿ. ಧೂಳನ್ನು ಊದಬೇಡಿ, ಹಳೇ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಬ್ರೇಕ್ ಕ್ಲೀನರ್‌ನಿಂದ ಒದ್ದೆ ಮಾಡಿ ಒರೆಸಿ. ಅಡ್ಜಸ್ಟರ್ (ಶೂ ಮತ್ತು ಡ್ರಮ್ ನಡುವಿನ ಅಂತರ ಹೊಂದಿಸುವ ತಿರುಪು) ಎಡದ್ದು ಬಲಕ್ಕೆ ಹೋಗದಿರಲಿ, ಎಷ್ಟೋ ಕಾರುಗಳಲ್ಲಿ ಎರಡರ ಥ್ರೆಡ್ ಒಂದಕ್ಕೊಂದು ಉಲ್ಟಾ ಇರುತ್ತದೆ. ಸ್ಪ್ರಿಂಗ್ ಎಲ್ಲಿ ಕೊಕ್ಕೆ ಹಾಕಿತ್ತು ಅಂತ ಫೋಟೋ ತೆಗೆದಿದ್ದೀರಾ?

ಪ್ರಶ್ನೆ ಕೇಳಿದವರು: ಇಲ್ಲ 😅 ಪುಣ್ಯಕ್ಕೆ ಬಲಗಡೆ ಇನ್ನೂ ಬಿಚ್ಚಿಲ್ಲ. ಅದನ್ನು ನೋಡಿಕೊಂಡೇ ಇದನ್ನು ಜೋಡಿಸುತ್ತೇನೆ.