ಹಲ್ಲು ಕೂರಿಸಲು ಸ್ಕ್ಯಾನ್ ಬೇಕಾ? ಮನೆಮಂದಿ ಗುಂಪಿನ ಜಗಳ

ದೊಡ್ಡಪ್ಪ: (ಫಾರ್ವರ್ಡ್) ಎಚ್ಚರ! ಹಲ್ಲಿನ ಇಂಪ್ಲಾಂಟ್‌ಗೆ (ದವಡೆ ಮೂಳೆಗೆ ಸ್ಕ್ರೂ ಹಾಕಿ ಹಲ್ಲು ಕೂರಿಸುವುದಕ್ಕೆ) 3ಡಿ ಸ್ಕ್ಯಾನ್ ಬೇಕಾಗಿಲ್ಲ. ಬರೀ ದುಡ್ಡು ಕೀಳುವ ದಾರಿ, ಮೇಲಿಂದ ವಿಕಿರಣ ಬೇರೆ. ಮಾಮೂಲಿ ಎಕ್ಸ್‌ರೇ ಸಾಕು. ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ನನಗೂ ಇದೇ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ. ನನಗೆ ಅವತ್ತೇ ಅನುಮಾನ ಇತ್ತು.

ಭಾವ: ಮಾವ, ಇದನ್ನು ಬರೆದವರು ಯಾರು? ಹೆಸರಿಲ್ಲ, ಆಧಾರ ಇಲ್ಲ.

ದೊಡ್ಡಪ್ಪ: ನಾನು ಏನು ಕಳಿಸಿದರೂ ಅಳಿಯಂದಿರಿಗೆ ಆಧಾರ ಬೇಕು. ನೀವು ಸಕ್ಕರೆ ಕಾಯಿಲೆ ವಿಡಿಯೋ ಕಳಿಸಿದಾಗ ಯಾರಾದರೂ ಕೇಳಿದ್ದರಾ?

ಅತ್ತೆ: ಇದ್ದಾಗ ಹಲ್ಲು ಸರಿಯಾಗಿ ನೋಡಿಕೊಂಡಿದ್ದರೆ ಇದೆಲ್ಲ ಬರುತ್ತಿತ್ತಾ? ಮಕ್ಕಳೇ, ನೀವಾದರೂ ರಾತ್ರಿ ಹಲ್ಲುಜ್ಜಿ ಮಲಗಿ.

ಪುಟ್ಟ: ಅಜ್ಜನ ಹಲ್ಲು ಸೆಟ್ ನೆನಪಿದೆಯಾ? ರಾತ್ರಿ ಲೋಟದ ನೀರಿನಲ್ಲಿ ಇರುತ್ತಿತ್ತು. ಒಂದು ಸಲ ಬಚ್ಚಿಟ್ಟಿದ್ದೆವು!

ಅತ್ತೆ: ಬಚ್ಚಿಟ್ಟವನು ನೀನು. ಒದೆ ತಿಂದಿದ್ದು ನನ್ನ ಮಗ.

ನಾನು: ಸ್ವಲ್ಪ ಇದನ್ನೂ ಓದಿ. ಇಡೀ ದವಡೆಯ ಎಕ್ಸ್‌ರೇ, ಅಂದರೆ ಓಪಿಜಿ, ಚಪ್ಪಟೆ ಚಿತ್ರ. ಮೂಳೆಯ ಎತ್ತರ ಅಂದಾಜು ಸಿಗುತ್ತದೆ. ಕೆನ್ನೆ ಕಡೆಯಿಂದ ನಾಲಿಗೆ ಕಡೆಗೆ ಎಷ್ಟು ದಪ್ಪ ಅಂತ ಕಾಣುವುದೇ ಇಲ್ಲ. ಅಳತೆಯೂ ನಿಜಕ್ಕಿಂತ ದೊಡ್ಡದಾಗಿ ಬರುತ್ತದೆ. ಅದಕ್ಕೇ ಕೆಲವರು ಬಾಯಲ್ಲಿ 5 ಮಿ.ಮೀ. ಲೋಹದ ಗುಂಡು ಇಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಚಿತ್ರದಲ್ಲಿ ಗುಂಡು 6.25 ಬಂದರೆ, ಅದರ ಪಕ್ಕ 15 ಕಾಣುವ ಮೂಳೆ ನಿಜಕ್ಕೂ 12 ಅಷ್ಟೇ. ಕೆಳದವಡೆಯೊಳಗೆ ನರ ಹಾದುಹೋಗುತ್ತದೆ. ಅದಕ್ಕೂ ಇಂಪ್ಲಾಂಟ್ ತುದಿಗೂ ಸಾಮಾನ್ಯವಾಗಿ ಕಡೇಪಕ್ಷ 2 ಮಿ.ಮೀ. ಜಾಗ ಬಿಡುತ್ತಾರೆ. ಲೆಕ್ಕ ತಪ್ಪಿದರೆ ನರಕ್ಕೇ ಪೆಟ್ಟು.

ದೊಡ್ಡಪ್ಪ: ಇಷ್ಟುದ್ದ ಬರೆದರೆ ಯಾರು ಓದುತ್ತಾರಮ್ಮ?

ಭಾವ: ನೀವು ಕಳಿಸಿದ್ದನ್ನಾದರೂ ಪೂರ್ತಿ ಓದಿದ್ದೀರಾ ಮಾವ?

ಚಿಕ್ಕಪ್ಪ: ನಾನು ಓದಿದೆ. ನನ್ನ ಕೆಳತುಟಿ, ಗದ್ದ ಬಲಗಡೆ ಇವತ್ತಿಗೂ ಮರಗಟ್ಟಿದೆ. ಗಡ್ಡ ಕೆರೆಯುವಾಗ ಬ್ಲೇಡ್ ತಾಗಿದರೆ ರಕ್ತ ನೋಡಿದ ಮೇಲೇ ಗೊತ್ತಾಗುವುದು. ಒಂದೇ ಒಂದು ಓಪಿಜಿ ನೋಡಿ ಸ್ಕ್ರೂ ಕೂರಿಸಿದ್ದರು.

ಅತ್ತೆ: ಅಯ್ಯೋ, ನಮಗೆ ಹೇಳಲೇ ಇಲ್ಲವಲ್ಲೋ!

ಚಿಕ್ಕಪ್ಪ: ಹೇಳಿದ್ದೆ ಅಕ್ಕ, ಇದೇ ಗುಂಪಿನಲ್ಲಿ. ಆಗ ಎಲ್ಲರೂ ಮನೆ ಪಾಲಿನ ಜಗಳದಲ್ಲಿದ್ದಿರಿ.

ಪುಟ್ಟ: ಅದನ್ನು ಮತ್ತೆ ಎತ್ತಬೇಡಿ ಚಿಕ್ಕಪ್ಪ, ಪ್ಲೀಸ್.

ದೊಡ್ಡಪ್ಪ: ಪಾಲು ಕೇಳಿದ್ದು ನಾನಲ್ಲ. ಅದಿರಲಿ, ವಿಕಿರಣದ ಮಾತೂ ಸುಳ್ಳಾ?

ನಾನು: ಅದು ಸುಳ್ಳಲ್ಲ ದೊಡ್ಡಪ್ಪ. ಸಿಬಿಸಿಟಿಯಲ್ಲಿ, ಅಂದರೆ ಈ 3ಡಿ ಸ್ಕ್ಯಾನ್‌ನಲ್ಲಿ, ವಿಕಿರಣ ಸಾಮಾನ್ಯವಾಗಿ ಓಪಿಜಿಗಿಂತ ಜಾಸ್ತಿಯೇ. ಅದಕ್ಕೇ ಸುಮ್ನೆ ತೆಗೆಸಬಾರದು, ತೆಗೆಸಿದರೂ ಬೇಕಾದಷ್ಟೇ ಜಾಗ. ಆದರೆ ಮೂಳೆಯನ್ನು ಹೋಳು ಹೋಳಾಗಿ ನೋಡಿ ದಪ್ಪ, ನರದ ದಾರಿ ಎರಡನ್ನೂ ಅಳೆಯಲು ಅದೇ ಬೇಕು. ನಿಮಗೆ ಹೋಗಿರುವುದು ಕೆಳಗಿನ ದವಡೆಹಲ್ಲು ಅಲ್ವಾ? ನರದ ಮೇಲೆ ಎಷ್ಟು ಮೂಳೆ ಇದೆ, ಅಷ್ಟು ಜಾಗದ ಸ್ಕ್ಯಾನ್ ಸಾಕಾ ಅಂತ ಡಾಕ್ಟರನ್ನು ಕೇಳಿ.

ಚಿಕ್ಕಪ್ಪ: ಅಣ್ಣ, ಹೋಗುವ ದಿನ ಹೇಳು. ನಾನೂ ಬರುತ್ತೇನೆ.

ದೊಡ್ಡಪ್ಪ: ಬಾ. ದಾರಿಯಲ್ಲಿ ಪಾಲಿನ ಮಾತು ಮಾತ್ರ ಬೇಡ.