ಮನೆಯಲ್ಲೇ ಇಮ್ಯುನೊಥೆರಪಿ: ಹಾಕಿಸಿದವರು ಹೇಳಿ

ರಾಜಾಜಿನಗರದಿಂದ ಪ್ರಶ್ನೆ: ತಂದೆಯವರಿಗೆ ಶ್ವಾಸಕೋಶದ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ 200 ಮಿಲಿಗ್ರಾಂ ಪೆಂಬ್ರೊಲಿಜುಮಾಬ್, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಮ್ಯುನೊಥೆರಪಿ ಔಷಧ. ಆಸ್ಪತ್ರೆ ಸಿಲ್ಕ್ ಬೋರ್ಡ್‌ನ ಆಚೆ. ಅರ್ಧ ಗಂಟೆಯ ಡ್ರಿಪ್‌ಗೆ ಇಡೀ ದಿನ ಹೋಗುತ್ತದೆ. ನರ್ಸ್ ಮನೆಗೇ ಬಂದು ಹಾಕುವ ವ್ಯವಸ್ಥೆ ನಂಬಬಹುದೇ?

ಜಯನಗರದಿಂದ: ಅಮ್ಮನಿಗೆ ಮೂತ್ರಪಿಂಡದ ಕ್ಯಾನ್ಸರ್, ಅದೇ ಬಗೆಯ ಔಷಧ ನಿವೊಲುಮಾಬ್ ಮನೆಯಲ್ಲೇ ನಡೆಯುತ್ತಿದೆ. ಮೊದಲ ಡೋಸ್‌ಗಳನ್ನು ವೈದ್ಯರು ಆಸ್ಪತ್ರೆಯಲ್ಲೇ ಕೊಟ್ಟು, ಮೈಗೆ ಒಗ್ಗಿದೆ ಎಂದ ಮೇಲೆ ಮನೆಗೆ ಒಪ್ಪಿದರು. ಪ್ರತಿ ಸಲವೂ ಯಕೃತ್ತು, ಮೂತ್ರಪಿಂಡ (ಕ್ರಿಯಾಟಿನಿನ್), ಥೈರಾಯ್ಡ್ ವರದಿ ನೋಡಿ ಅವರು ಸರಿ ಎನ್ನುವವರೆಗೆ ನರ್ಸ್ ಸೀಸೆ ಮುಟ್ಟುವುದಿಲ್ಲ. ಔಷಧ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು, ಕುಲುಕಬಾರದು. ಪೆಟ್ಟಿಗೆಯೊಳಗಿನ ಉಷ್ಣಮಾಪಕವನ್ನು ನನಗೆ ತೋರಿಸಿ, ಬ್ಯಾಚ್ ಸಂಖ್ಯೆ ಓದಿಸಿ, ಅಲರ್ಜಿಯಾದರೆ ಬೇಕಾಗುವ ಅಡ್ರಿನಲಿನ್ ಮೇಜಿನ ಮೇಲಿಟ್ಟು, ಆಮೇಲೆ ಫಿಲ್ಟರ್ ಇರುವ ಡ್ರಿಪ್ ಸೆಟ್ ಜೋಡಿಸುತ್ತಾರೆ. ಬ್ಯಾಗ್ ತೂಗುವುದು ಹಜಾರದ ಉಯ್ಯಾಲೆಯ ಕೊಂಡಿಗೆ. ಉಯ್ಯಾಲೆ ಬಿಚ್ಚಿದ್ದಕ್ಕೆ ಅಮ್ಮನಿಗೆ ಈಗಲೂ ಸಿಟ್ಟು.

ಇಷ್ಟೆಲ್ಲ ಸುಸೂತ್ರ. ನೀವು ದುಡ್ಡು ಕಟ್ಟುವ ಮೊದಲು ಕೇಳಬೇಕಾದದ್ದು, ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತುವವರು ಯಾರು ಎಂದು. ಈ ಔಷಧದ ಅಡ್ಡಪರಿಣಾಮ ವಾರಗಳ, ತಿಂಗಳುಗಳ ನಂತರವೂ ಕಾಣಿಸಿಕೊಳ್ಳಬಹುದು. ನರ್ಸ್ ಹೊರಟುಹೋಗಿ ಎಷ್ಟೋ ದಿನವಾಗಿರುತ್ತದೆ. ಅಮ್ಮನಿಗೆ ಭೇದಿ ಶುರುವಾದಾಗ ಮನೆಮಂದಿಯೆಲ್ಲ ಮದುವೆ ಊಟವನ್ನು ದೂರಿದರು. ಫೋನ್‌ನಲ್ಲಿದ್ದ ನರ್ಸ್ ದಿನಕ್ಕೆ ಎಷ್ಟು ಸಲ, ರಕ್ತ ಇದೆಯೇ ಎಂದು ಕೇಳಿ ಅಂದೇ ವೈದ್ಯರಿಗೆ ಮುಟ್ಟಿಸಿದರು. ಕರುಳಿನ ಉರಿಯೂತವಾಗಿತ್ತು, ಸ್ಟೀರಾಯ್ಡ್‌ಗೆ ಬಗ್ಗಿತು. ನಿಮ್ಮ ತಂದೆಗೆ ಹೊಸದಾಗಿ ಕೆಮ್ಮು, ಏದುಸಿರು ಬಂದರೆ ಕಷಾಯ ಕುಡಿಸುತ್ತಾ ಕೂರಬೇಡಿ. ಶ್ವಾಸಕೋಶದ ಉರಿಯೂತವಿರಬಹುದು, ಅಂದೇ ಆಸ್ಪತ್ರೆಗೆ ಹೋಗಿ.

ಮಲ್ಲೇಶ್ವರದಿಂದ: ವಿಮೆ ಇದ್ದರೆ ಪಾಲಿಸಿ ಓದಿ. ನಮ್ಮದು ಆರೋಗ್ಯ ಸಂಜೀವಿನಿ. ಈ ಬಗೆಯ ಚುಚ್ಚುಮದ್ದಿಗೆ ಒಳರೋಗಿಯಾಗಿ ಅಥವಾ ಆಸ್ಪತ್ರೆಯ ಡೇ-ಕೇರ್‌ನಲ್ಲಿ, ವಿಮಾ ಮೊತ್ತದ ಶೇ 50ರವರೆಗೆ ಎಂದಿದೆ. ಮನೆಯ ಮಾತೇ ಇಲ್ಲ. ಹೀಗಾಗಿ ನಾವು ಆಸ್ಪತ್ರೆ ಬಿಡಲಿಲ್ಲ. ಮನೆಗೂ ಕೊಡುತ್ತೇವೆ ಎಂದು ನಿಮ್ಮ ಕಂಪನಿ ಹೇಳಿದರೆ ಬರವಣಿಗೆಯಲ್ಲಿ ಪಡೆಯಿರಿ.

ಯಲಹಂಕದಿಂದ: ಚರ್ಮದಡಿ ಕೊಡುವ ರೂಪಗಳೂ ಬರುತ್ತಿವೆ. ಇದೇ ಬಗೆಯ ಇನ್ನೊಂದು ಔಷಧ ಅಟೆಜೊಲಿಜುಮಾಬ್ ತೊಡೆಗೆ ಸುಮಾರು ಏಳು ನಿಮಿಷ. ಪೆಂಬ್ರೊಲಿಜುಮಾಬ್‌ಗೂ ಅಮೆರಿಕದಲ್ಲಿ 2025ರಲ್ಲಿ ಅನುಮತಿ ಸಿಕ್ಕಿದೆ. ಆದರೆ ಈಗಿರುವ ಡ್ರಿಪ್‌ನಲ್ಲೇ ಆರು ವಾರಕ್ಕೊಮ್ಮೆ 400 ಮಿಲಿಗ್ರಾಂ ಕೊಡುವ ಕ್ರಮವಿದೆ. ತಂದೆಯವರಿಗೆ ಅದು ಹೊಂದುತ್ತದೆಯೇ ಎಂದು ಮುಂದಿನ ಭೇಟಿಯಲ್ಲಿ ಕೇಳಿ. ವೈದ್ಯರು ಒಪ್ಪಿದರೆ ಓಡಾಟ ಅರ್ಧಕ್ಕೆ ಇಳಿಯುತ್ತದೆ.