ಪದ ಬೇಕು (ತುರ್ತು): ಹೋಸ್ಟ್, ಗೆಸ್ಟ್, ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್

ಹುಬ್ಬಳ್ಳಿಯಿಂದ:
ಎಲ್ಲರಿಗೂ ನಮಸ್ಕಾರ. ವಿದ್ಯಾನಗರದ ನಮ್ಮ ತರಬೇತಿ ಕೇಂದ್ರದ ಸರ್ವರ್‌ಗೆ ಸೋಮವಾರದೊಳಗೆ ಒಂದು ಚೀಟಿ ಅಂಟಿಸಬೇಕು. ಅದರಲ್ಲಿ ಪ್ರಾಕ್ಸ್‌ಮಾಕ್ಸ್ ಇದೆ, ಅಂದರೆ ಒಂದೇ ಕಂಪ್ಯೂಟರಿನೊಳಗೆ ಹಲವು ವರ್ಚುವಲ್ ಯಂತ್ರಗಳನ್ನು ನಡೆಸುವ ತಂತ್ರಾಂಶ. ಹೊರಗಿನ ಅಸಲಿ ಕಂಪ್ಯೂಟರು ಹೋಸ್ಟ್, ಒಳಗಿನ ಯಂತ್ರ ಗೆಸ್ಟ್. ಡೆಬಿಯನ್ ಲಿನಕ್ಸ್ ಮೇಲೆ ನಿಂತದ್ದಾದರೂ ಡೆಸ್ಕ್‌ಟಾಪ್ (ಕಿಟಕಿ, ಮೆನು ಇರುವ ತೆರೆ) ಇಲ್ಲದೆ ಬರುತ್ತದೆ. ಬೇರೆ ಕಂಪ್ಯೂಟರಿನ ಬ್ರೌಸರಿನಿಂದ 8006ನೇ ಪೋರ್ಟ್‌ಗೆ ಹೋಗಿ ನಡೆಸಬೇಕು. ನಮ್ಮಲ್ಲಿ ಆ ಬೇರೆ ಕಂಪ್ಯೂಟರೇ ಇಲ್ಲ! ಹಾಗಾಗಿ ಅದರ ಮೇಲೇ ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್, ಲಾಗಿನ್ ತೆರೆಗೆ ಲೈಟ್‌ಡಿಎಂ, ಬ್ರೌಸರಿಗೆ ಕ್ರೋಮಿಯಂ ಹಾಕಿದೆವು. ರೂಟ್ (ಪೂರ್ತಿ ಅಧಿಕಾರದ ಖಾತೆ) ಅಲ್ಲದ ಒಂದು ಖಾತೆಯನ್ನೂ ತೆರೆದೆವು. ಫಜೀತಿ ಏನಂದ್ರೆ, ಒಳಗಿನ ವರ್ಚುವಲ್ ಯಂತ್ರಕ್ಕೂ ಅಂಥದ್ದೇ ಡೆಸ್ಕ್‌ಟಾಪ್. ಹುಡುಗರು ಒಳಗಿನದು ಅಂದುಕೊಂಡು ಹೊರಗಿನದರಲ್ಲಿ ಶಟ್‌ಡೌನ್ ಒತ್ತಿದರೆ ಎಲ್ಲ ಯಂತ್ರಗಳೂ ಒಟ್ಟಿಗೆ ನಿಲ್ಲುತ್ತವೆ. ಮೂರಕ್ಕೂ ಕನ್ನಡ ಹೇಳಿ.

ಧಾರವಾಡದಿಂದ:
ಆತಿಥೇಯ, ಅತಿಥಿ, ಗಣಕತೆರೆ ಪರಿಸರ. ‘ಗಣಕತೆರೆ’ ಗ್ನೋಮ್ ಎಂಬ ಡೆಸ್ಕ್‌ಟಾಪಿನ ಕನ್ನಡ ಅನುವಾದದಲ್ಲೇ ಇದೆ. ಮುಗೀತು.

ಗದಗದಿಂದ:
ಮುಗಿಯಲಿಲ್ಲ. ‘ಗಣಕತೆರೆ’ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ್ದು. ಅತಿಥಿ ಅಂದರೆ ತಿಥಿ ನೋಡದೆ ಬರುವವನು. ಹಗಲೂ ರಾತ್ರಿ ಅಲ್ಲೇ ಬಿದ್ದಿರುವ ಯಂತ್ರ ಯಾವ ಸೀಮೆ ಅತಿಥಿ? ‘ಒಡೆಯ’, ‘ನಂಟ’ ಅನ್ನಿ. ಡೆಸ್ಕ್‌ಟಾಪ್‌ಗೆ ‘ಮೇಜುಹರವು’.

ಧಾರವಾಡದಿಂದ:
ತಿಥಿಯ ಕತೆ ಸುಮ್ನೆ ಕಟ್ಟಿದ್ದು. ಅಲೆಯುವುದು ಎಂಬ ಅರ್ಥದ ‘ಅತ್’ ಧಾತು ನೋಡಿ. ಅರಿಸಮಾಸ ಬೇಡ ಅನ್ನುವವರು ‘ಮಳೆಗಾಲ’ವನ್ನೂ ಬಿಡಲಿ, ಅದರ ‘ಕಾಲ’ ಸಂಸ್ಕೃತ. ಮೇಜು ಪಾರಸಿ, ಗೊತ್ತಲ್ವಾ?

ಗದಗದಿಂದ:
ಮೇಜನ್ನು ಜನ ಅರಗಿಸಿಕೊಂಡಿದ್ದಾರೆ. ಸಂಸ್ಕೃತವನ್ನು ನಮ್ಮ ಮೇಲೆ ಹೇರಿದ್ದು. ಎರಡೂ ಒಂದೇ ಅಲ್ಲ.

ಧಾರವಾಡದಿಂದ:
‘ಕಾಲ’ವನ್ನು ಯಾರೂ ಅರಗಿಸಿಕೊಂಡಿಲ್ಲವೋ?

ಹಾವೇರಿಯಿಂದ:
ಇಬ್ಬರೂ ಚೀಟಿಯನ್ನೇ ಮರೆತಿರಿ. ‘ಅತಿಥಿ’, ‘ಆತಿಥೇಯ’ ಅವಸರದಲ್ಲಿ ಓದಿದರೆ ಒಂದೇ ಥರ ಕಾಣುತ್ತವೆ. ಎಚ್ಚರಿಕೆ ಬರೆಯಲು ಇದಕ್ಕಿಂತ ಕೆಟ್ಟ ಜೋಡಿ ಬೇಕಾ? ಹೊರಯಂತ್ರ, ಒಳಯಂತ್ರ ಅನ್ನಿ. ಡೆಸ್ಕ್‌ಟಾಪ್ ಹಾಗೇ ಇರಲಿ, ‘ಪರಿಸರ’ ಬೇಡವೇ ಬೇಡ, ಗಿಡ ನೆಡಲು ಹೇಳಿದ ಹಾಗಿರುತ್ತದೆ. ಇನ್ನೊಂದು, ಪದದ ಮೇಲೇ ಭಾರ ಹಾಕಬೇಡಿ. ಹೊರಗಿನದಕ್ಕೆ ಕೆಂಪು ವಾಲ್‌ಪೇಪರ್ ಇಡಿ. ಯಾವ ಖಾತೆ ಏನು ಮಾಡಬಹುದು ಎಂದು ನಿರ್ಧರಿಸುವ ಪೋಲ್‌ಕಿಟ್‌ನಲ್ಲಿ ನಿಯಮ ಬರೆದು ಆ ಖಾತೆಗೆ ಶಟ್‌ಡೌನ್ ಮಾಡುವ ಹಕ್ಕನ್ನೇ ತೆಗೆಯಿರಿ.

ಹುಬ್ಬಳ್ಳಿಯಿಂದ:
ಮೇಡಂ, ಉಪಕಾರವಾಯಿತು. ಚೀಟಿ ಹೀಗಿದೆ: ‘ಇದು ಹೊರಯಂತ್ರದ ಡೆಸ್ಕ್‌ಟಾಪ್. ಬಂದ್ ಮಾಡಬೇಡಿ. ಒಳಯಂತ್ರಗಳೆಲ್ಲ ನಿಲ್ಲುತ್ತವೆ.’ ‘ಸ್ಥಗಿತ’ ಅಂತ ಬರೆದರೆ ನಮ್ಮ ಹುಡುಗರು ಓದುವುದೇ ಇಲ್ಲ.

ಗದಗದಿಂದ:
‘ಯಂತ್ರ’ ಸಂಸ್ಕೃತ, ‘ಬಂದ್’ ಪಾರಸಿ, ‘ಡೆಸ್ಕ್‌ಟಾಪ್’ ಇಂಗ್ಲಿಷ್. ಇದನ್ನು ಕನ್ನಡ ಚೀಟಿ ಅಂತೀರಾ?

ಧಾರವಾಡದಿಂದ:
‘ಚೀಟಿ’ ಎಲ್ಲಿಂದ ಬಂತು, ಅದನ್ನಷ್ಟು ಹೇಳಿಬಿಡಿ ಸರ್.